ಅರಿಶಿನ, ಕರಿಮೆಣಸು, ಟ್ಯಾಮಾಕ್ಸಿಫೆನ್



ಸ್ತನ ಕ್ಯಾನ್ಸರಿನಿಂದ ತೀರಿಕೊಂಡ ತಾಯಿಯ ನೆನಪಿಗೆ ಮಕ್ಕಳು ಇಟ್ಟ ದತ್ತಿಯ ಉಪನ್ಯಾಸ ಇದು. ವಿಷಯವನ್ನು ಸೂಚಿಸಿದವರೂ ಅವರೇ. ಗಿಡಮೂಲಿಕೆಯಿಂದ ಈ ಕಾಯಿಲೆಗೆ ಏನಾದರೂ ಸಹಾಯವಾಗುತ್ತದೆಯೇ, ಆಗುವುದಾದರೆ ಎಷ್ಟು, ಯಾವಾಗ, ಯಾರಿಗೆ? ಕಾಯಿಲೆ ಬಂದ ಮನೆಯಲ್ಲಿ ಈ ಪ್ರಶ್ನೆ ಏಳದೆ ಇರುವುದಿಲ್ಲ. ಆದರೆ ಅದನ್ನು ಡಾಕ್ಟರ ಮುಂದೆ ಕೇಳುವವರು ಕಡಿಮೆ, ನೆಂಟರಿಷ್ಟರ ಹತ್ತಿರ, ವಾಟ್ಸ್‌ಆ್ಯಪಿನಲ್ಲಿ, ಬಸ್‌ಸ್ಟಾಪಿನಲ್ಲಿ ಕೇಳುವವರೇ ಹೆಚ್ಚು. ಅದಕ್ಕೇ ಇದನ್ನು ಸಭೆಯಲ್ಲಿ, ಎಲ್ಲರ ಎದುರು ಮಾತಾಡಬೇಕೆಂದು ಅವರಿಗೆ ಅನ್ನಿಸಿತು. ನನಗೂ ಅದೇ ಸರಿ ಅನ್ನಿಸಿತು. ಬಹಳ ಕಾಲ ಔಷಧವಿಜ್ಞಾನ ಪಾಠ ಮಾಡಿದವನಾಗಿ ನನಗೆ ತಿಳಿದದ್ದನ್ನು ನಿಮ್ಮ ಮುಂದೆ ಇಡುತ್ತೇನೆ.

ಈ ಮಾತಿಗೆ ನಾವು ಸೇರಿರುವ ಬೆಂಗಳೂರಿನ ಪೀಣ್ಯಕ್ಕಿಂತ ತಕ್ಕ ಜಾಗವೂ ಇಲ್ಲ. ಇಲ್ಲೇ ಎರಡನೇ ಹಂತದ ಕೈಗಾರಿಕಾ ಪ್ರದೇಶದಲ್ಲಿ ಸಾಮಿ ಲ್ಯಾಬ್ಸ್, ಈಗಿನ ಹೆಸರಿನಲ್ಲಿ ಸಾಮಿ-ಸಬಿನ್ಸಾ, ಇದೆ. 1991ರಲ್ಲಿ ಮುಹಮ್ಮದ್ ಮಜೀದ್ ಅವರು ಶುರುಮಾಡಿದ ಕಂಪನಿ, ಅರಿಶಿನದ ಸಾರವನ್ನು ದೇಶವಿದೇಶಕ್ಕೆ ಕಳಿಸುತ್ತದೆ. ತುಮಕೂರು ರಸ್ತೆಯಲ್ಲಿ ಇನ್ನೂ ಮುಂದೆ ಹೋದರೆ ಮಾಕಳಿಯಲ್ಲಿ ಹಿಮಾಲಯ ಕಂಪನಿ. ಊರಿನ ಆ ತುದಿಯಲ್ಲಿ, ಎಲೆಕ್ಟ್ರಾನಿಕ್ ಸಿಟಿಯ ಕಡೆ, ನ್ಯಾಚುರಲ್ ರೆಮಿಡೀಸ್ ಇದೆ, ಬಯೋಕಾನ್ ಇದೆ. ಗಿಡದ ಸಾರ ತೆಗೆಯುವ ಕಾರ್ಖಾನೆಗಳೂ ಕ್ಯಾನ್ಸರ್ ಆಸ್ಪತ್ರೆಗಳೂ ಒಂದೇ ಊರಿನ ಅಂಚಿನಲ್ಲಿ ಹೀಗೆ ನೆರೆಹೊರೆಯಾಗಿರುವುದು ಅಪರೂಪ.

1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಿಂದ ನಾಲ್ಕೇ ಪುಟದ ಒಂದು ಪ್ರಬಂಧ ಪ್ರಕಟವಾಯಿತು. ಶೋಭಾ ಮತ್ತು ಸಂಗಡಿಗರು ಬರೆದದ್ದು. ಆ ಸಂಗಡಿಗರಲ್ಲಿ ಮಜೀದ್ ಅವರೂ ಒಬ್ಬರು. ಅರಿಶಿನದ ಹಳದಿ ಸತ್ವ ಕರ್ಕ್ಯುಮಿನ್. ಅದನ್ನು 2 ಗ್ರಾಂ, ಅಂದರೆ ಊಟದಲ್ಲಿ ನಾವು ಎಂದೂ ತಿನ್ನದಷ್ಟು, ಆರೋಗ್ಯವಂತರಿಗೆ ಕೊಟ್ಟು ರಕ್ತ ಪರೀಕ್ಷಿಸಿದರು. ರಕ್ತದಲ್ಲಿ ಅದು ಇತ್ತೋ ಇಲ್ಲವೋ ಎನ್ನುವಷ್ಟು ಮಾತ್ರ. ಕರುಳು ಅದನ್ನು ಹೆಚ್ಚಾಗಿ ಒಳಕ್ಕೆ ಬಿಡುವುದಿಲ್ಲ, ಬಿಟ್ಟಷ್ಟನ್ನೂ ಯಕೃತ್ತು ಕೂಡಲೇ ಬದಲಾಯಿಸಿ ಹೊರಗೆ ಹಾಕುತ್ತದೆ. ಆಮೇಲೆ ಅದೇ 2 ಗ್ರಾಂ ಜೊತೆ ಕರಿಮೆಣಸಿನ ಖಾರದ ಸತ್ವ ಪೈಪರೀನನ್ನು ಬರೀ 20 ಮಿಲಿಗ್ರಾಂ ಸೇರಿಸಿ ಕೊಟ್ಟರು. ರಕ್ತಕ್ಕೆ ಸೇರಿದ ಕರ್ಕ್ಯುಮಿನ್ 20 ಪಟ್ಟು ಹೆಚ್ಚಿತು. ಇಂದು ವೈಟ್‌ಫೀಲ್ಡಿನ ಮಾಲಿನಿಂದ ಅಮೆರಿಕದ ಅಂಗಡಿಯವರೆಗೆ ಅರಿಶಿನದ ಕ್ಯಾಪ್ಸೂಲಿನ ಡಬ್ಬಿಗಳಲ್ಲಿ ‘ಕರಿಮೆಣಸಿನ ಸಾರದೊಂದಿಗೆ’ ಎಂದು ಅಚ್ಚು ಹಾಕುತ್ತಾರಲ್ಲ, ಅದರ ಬೇರು ಈ ಬೆಂಗಳೂರಿನ ಪ್ರಬಂಧದಲ್ಲಿದೆ. ಮಜೀದ್ ಕಟ್ಟಿದ ಕಂಪನಿ ಮೆಣಸಿನ ಸಾರವನ್ನೂ ಮಾರುತ್ತದೆ, ಅದನ್ನು ನೆನಪಿಟ್ಟುಕೊಂಡೇ ಓದಬೇಕು. ಹಾಗೆ ಓದಿದರೂ ಅದು ಒಳ್ಳೆಯ ಕೆಲಸ, ನಮ್ಮೂರಿನವರು ಹೆಮ್ಮೆಪಡಬೇಕಾದ ಕೆಲಸ.

ಆದರೆ ರಕ್ತಕ್ಕೆ ಸೇರಿದ ಮಾತ್ರಕ್ಕೆ ಕ್ಯಾನ್ಸರಿಗೆ ಔಷಧ ಆಗುವುದಿಲ್ಲ. ಅಲ್ಲಿಂದ ಮುಂದಿನ ದಾರಿ ಬಹಳ ಉದ್ದ. ಆ ದಾರಿಯನ್ನು ಕೊನೆಯವರೆಗೂ ನಡೆದು ಬಂದ ಗಿಡಮರಗಳೂ ಇವೆ.

ನಮ್ಮ ಮನೆಗಳ ಮುಂದೆ, ದೇವಸ್ಥಾನದ ಅಂಗಳದಲ್ಲಿ, ಲೇಔಟಿನ ಖಾಲಿ ಸೈಟಿನಲ್ಲಿ ಬೆಳೆಯುವ ನಿತ್ಯಪುಷ್ಪ, ಕೆಲವರು ಕಾಶಿ ಕಣಗಿಲೆ ಅನ್ನುತ್ತಾರೆ, ಅದರ ಮೂಲ ಮಡಗಾಸ್ಕರ್. ಜಮೈಕಾದಲ್ಲಿ ಅದರ ಎಲೆಯ ಕಷಾಯವನ್ನು ಸಕ್ಕರೆ ಕಾಯಿಲೆಗೆ ಕುಡಿಯುತ್ತಿದ್ದರು. 1950ರ ದಶಕದಲ್ಲಿ ಕೆನಡಾದ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬೀರ್ ಅದನ್ನು ಪರೀಕ್ಷೆಗೆ ಹಚ್ಚಿದರು. ಸಕ್ಕರೆ ಇಳಿಯಲಿಲ್ಲ. ಇಲಿಗಳ ರಕ್ತದ ಬಿಳಿ ಕಣಗಳು ಮಾತ್ರ ಕುಸಿದವು. ಬಿಳಿ ಕಣ ಮಿತಿಮೀರಿ ಬೆಳೆಯುವ ಕಾಯಿಲೆ ರಕ್ತದ ಕ್ಯಾನ್ಸರ್, ಅಲ್ಲಿಗೆ ಇದು ಏಕೆ ಬಾರದು ಎಂದು ಅವರಿಗೆ ಹೊಳೆಯಿತು. 1958ರಲ್ಲಿ ಆ ಎಲೆಯ ಸತ್ವ ವಿನ್‌ಬ್ಲಾಸ್ಟೀನ್ ಬೇರ್ಪಟ್ಟಿತು. ಒಂದು ಗ್ರಾಂ ವಿನ್‌ಬ್ಲಾಸ್ಟೀನಿಗೆ ಸುಮಾರು 500 ಕಿಲೊ ಒಣ ಎಲೆ ಬೇಕು. ಈ ಬಳಗದ ಸತ್ವವನ್ನು ಸ್ವಲ್ಪ ತಿದ್ದಿ ಮಾಡಿದ ವಿನೊರೆಲ್ಬಿನ್ ಈಗ ಮುಂದುವರಿದ ಸ್ತನ ಕ್ಯಾನ್ಸರಿಗೆ ಬಳಕೆಯಲ್ಲಿದೆ. ಅಂಗಳದ ನಾಲ್ಕು ಎಲೆ ಕುದಿಸಿ ಕುಡಿದರೆ ಏನಾದೀತು ಎಂದು ಕೇಳುವವರಿಗೆ ಆ 500 ಕಿಲೊ ಲೆಕ್ಕವೇ ಉತ್ತರ. ಜೊತೆಗೆ ಒಂದು ಎಚ್ಚರಿಕೆ: ಅದು ವಿಷದ ಗಿಡ, ಕುದಿಸಿ ಕುಡಿಯುವಂಥದ್ದಲ್ಲ.

ಎರಡನೆಯದು ಯೂ ಮರ. 1962ರಲ್ಲಿ ಅಮೆರಿಕದ ಕೃಷಿ ಇಲಾಖೆಯ ಸಸ್ಯಶಾಸ್ತ್ರಜ್ಞ ಆರ್ಥರ್ ಬಾರ್ಕ್ಲೆ ವಾಷಿಂಗ್ಟನ್ ರಾಜ್ಯದ ಕಾಡಿನಿಂದ ಅದರ ತೊಗಟೆ ತಂದರು. ಅದರಿಂದ ಸತ್ವ ತೆಗೆದು ರಚನೆ ಬಿಡಿಸಿದವರು ಮನ್ರೋ ವಾಲ್ ಮತ್ತು ಮನ್ಸುಖ್ ವಾನಿ. ವಾನಿಯವರು ಮಹಾರಾಷ್ಟ್ರದ ನಂದೂರಬಾರಿನವರು. 1971ರಲ್ಲಿ ಅವರು ಪ್ರಕಟಿಸಿದ ಆ ಸತ್ವವೇ ಟ್ಯಾಕ್ಸಾಲ್, ಆಸ್ಪತ್ರೆಯ ಭಾಷೆಯಲ್ಲಿ ಪ್ಯಾಕ್ಲಿಟ್ಯಾಕ್ಸೆಲ್. 1979ರಲ್ಲಿ ಸೂಸನ್ ಹಾರ್ವಿಟ್ಸ್ ಅದು ಕೆಲಸ ಮಾಡುವ ರೀತಿಯನ್ನು ಕಂಡುಹಿಡಿದರು. ಕೋಶವೊಂದು ಎರಡಾಗುವಾಗ ಒಳಗೆ ಸಣ್ಣ ಸಣ್ಣ ಕೊಳವೆಗಳು ಎದ್ದು, ವರ್ಣತಂತುಗಳನ್ನು ಎರಡೂ ಬದಿಗೆ ಎಳೆದು, ಕೆಲಸ ಮುಗಿದ ಮೇಲೆ ಕರಗುತ್ತವೆ. ಕಟ್ಟಡಕ್ಕೆ ಸಾರುವೆ ಕಟ್ಟಿ ಬಿಚ್ಚಿದ ಹಾಗೆ. ನಿತ್ಯಪುಷ್ಪದ ಸತ್ವ ಆ ಸಾರುವೆಯನ್ನು ಕಟ್ಟಗೊಡುವುದಿಲ್ಲ, ಯೂ ಮರದ್ದು ಬಿಚ್ಚಗೊಡುವುದಿಲ್ಲ. ಎರಡರಲ್ಲೂ ಕೋಶ ಒಡೆಯಲಾಗದೆ ಸಾಯುತ್ತದೆ. 1994ರಲ್ಲಿ ಅಮೆರಿಕದಲ್ಲಿ ಸ್ತನ ಕ್ಯಾನ್ಸರಿಗೆ ಪ್ಯಾಕ್ಲಿಟ್ಯಾಕ್ಸೆಲ್ ಬಳಸಲು ಒಪ್ಪಿಗೆ ಸಿಕ್ಕಿತು. ತೊಗಟೆ ತಂದ ದಿನದಿಂದ ಲೆಕ್ಕ ಹಾಕಿದರೆ 32 ವರ್ಷ.

ಆ 32 ವರ್ಷದಲ್ಲಿ ಮರಗಳ ಗತಿ ಏನಾಯಿತು ಎಂಬುದನ್ನೂ ನೋಡಬೇಕು. ನೂರು ವರ್ಷದ ಒಂದು ಯೂ ಮರದ ತೊಗಟೆ ಪೂರ್ತಿ ಸುಲಿದರೆ ಸಿಗುತ್ತಿದ್ದದ್ದು ಹೆಚ್ಚುಕಡಿಮೆ ಒಬ್ಬ ರೋಗಿಯ ಒಂದು ಸಲದ ಡೋಸು. ಸುಲಿದ ಮರ ಉಳಿಯುವುದಿಲ್ಲ. ಫ್ರಾನ್ಸಿನ ಪಿಯರ್ ಪೋಟಿಯೆ ಅವರು ತೊಗಟೆ ಬಿಟ್ಟು ಎಲೆಯತ್ತ ತಿರುಗಿದರು. ಎಲೆ ಮತ್ತೆ ಚಿಗುರುತ್ತದೆ. ಎಲೆಯ ಸತ್ವದಿಂದ ಅವರು ಕಟ್ಟಿದ ಡೋಸಿಟ್ಯಾಕ್ಸೆಲ್ ಕೂಡ ಈಗ ನಮ್ಮ ಕ್ಯಾನ್ಸರ್ ಆಸ್ಪತ್ರೆಗಳಲ್ಲಿದೆ. ಹಿಮಾಲಯದ ನಮ್ಮ ಯೂ ಮರಗಳು ಮಾತ್ರ ಈ ಬೇಡಿಕೆಗೆ ಸಿಕ್ಕಿ ಸೊರಗಿದವು. 1995ರಲ್ಲಿ ಅವುಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಬಿತ್ತು.

ಮೂರನೆಯದು ನಮ್ಮದೇ ಮಲೆನಾಡಿನದು. ಸಹ್ಯಾದ್ರಿಯ ಕಾಡಿನಲ್ಲಿ ಹೂಬಿಟ್ಟಾಗ ಮೂಗು ಮುಚ್ಚಿಕೊಳ್ಳಬೇಕಾದ ಒಂದು ಸಣ್ಣ ಮರವಿದೆ, ದುರ್ವಾಸನೆ ಮರ ಅಂತಲೇ ಕರೆಯುತ್ತಾರೆ. ಅದೇ ವಾಲ್ ಮತ್ತು ವಾನಿ ಜೋಡಿ 1966ರಲ್ಲಿ ಚೀನಾ ಮೂಲದ ಮರವೊಂದರಲ್ಲಿ ಕ್ಯಾಂಪ್ಟೊಥೆಸಿನ್ ಎಂಬ ಸತ್ವ ಕಂಡಿದ್ದರು. 1972ರಲ್ಲಿ ಟಿ.ಆರ್. ಗೋವಿಂದಾಚಾರಿ ಮತ್ತು ವಿಶ್ವನಾಥನ್ ಅದೇ ಸತ್ವ ನಮ್ಮ ದುರ್ವಾಸನೆ ಮರದಲ್ಲೂ ಇದೆ, ಧಾರಾಳವಾಗಿದೆ ಎಂದು ತೋರಿಸಿದರು. ಅಲ್ಲಿಂದ ಮರಕ್ಕೆ ಕಷ್ಟಕಾಲ. ಪಶ್ಚಿಮ ಘಟ್ಟದುದ್ದಕ್ಕೂ ಕಡಿದು ವಿದೇಶಕ್ಕೆ ಸಾಗಿಸಿದರು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಜಿಕೆವಿಕೆಯ ಉಮಾಶಂಕರ್ ಮತ್ತು ಅವರ ತಂಡ ಕಾಡು ಕಾಡು ಸುತ್ತಿ, ಯಾವ ಜಾಗದ ಮರದಲ್ಲಿ ಸತ್ವ ಹೆಚ್ಚು ಎಂದು ಪಟ್ಟಿ ಮಾಡಿತು. ಹಾಗೆ ತಿಳಿದರೆ ಕಾಡು ಕಡಿಯುವ ಬದಲು ಒಳ್ಳೆಯ ತಳಿ ಆರಿಸಿ ಬೆಳೆಸಬಹುದು. ಇಂಥ ಕೆಲಸಕ್ಕೆ ಪತ್ರಿಕೆಯಲ್ಲಿ ಜಾಗ ಸಿಗುವುದಿಲ್ಲ. ನನ್ನ ಲೆಕ್ಕದಲ್ಲಿ ನೂರು ‘ಕ್ಯಾನ್ಸರ್ ಗೆದ್ದ ಕಷಾಯ’ದ ಸುದ್ದಿಗಿಂತ ಇದು ದೊಡ್ಡದು.

ಕ್ಯಾಂಪ್ಟೊಥೆಸಿನನ್ನು 1970ರ ದಶಕದಲ್ಲಿ ನೇರವಾಗಿ ರೋಗಿಗಳಿಗೆ ಕೊಟ್ಟು ನೋಡಿದಾಗ ಮೂತ್ರಕೋಶದಿಂದ ರಕ್ತ ಬರುವಷ್ಟು ತೊಂದರೆಯಾಗಿ ಪ್ರಯೋಗವನ್ನೇ ನಿಲ್ಲಿಸಬೇಕಾಯಿತು. ರಸಾಯನಶಾಸ್ತ್ರಜ್ಞರು ಅದನ್ನು ಬಿಡದೆ ತಿದ್ದುತ್ತಾ ಹೋದರು. ಇಂದು ಅದರ ಮರಿಮಕ್ಕಳು ಸ್ತನ ಕ್ಯಾನ್ಸರಿನ ಅತ್ಯಂತ ಹೊಸ ಔಷಧಗಳ ಹೊಟ್ಟೆಯಲ್ಲಿವೆ. ಟ್ರಾಸ್ಟುಜುಮ್ಯಾಬ್ ಡೆರುಕ್ಸ್‌ಟಿಕ್ಯಾನ್ ಅಂತ ಒಂದು, 2019ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದದ್ದು. ಸ್ಯಾಸಿಟುಜುಮ್ಯಾಬ್ ಗೊವಿಟಿಕ್ಯಾನ್ ಅಂತ ಇನ್ನೊಂದು, 2020ರಲ್ಲಿ ಒಪ್ಪಿಗೆ ಪಡೆದದ್ದು. ಇದು ಟ್ರಿಪಲ್ ನೆಗೆಟಿವ್ ಎನ್ನುವ ಹಟಮಾರಿ ಬಗೆಗೆ. ಎರಡರಲ್ಲೂ ಒಂದು ಪ್ರತಿಕಾಯ ಕ್ಯಾನ್ಸರ್ ಕೋಶವನ್ನು ಗುರುತಿಸಿ ಅಂಟಿಕೊಳ್ಳುತ್ತದೆ, ಅದರ ಬೆನ್ನಿಗೆ ಕಟ್ಟಿದ ಕ್ಯಾಂಪ್ಟೊಥೆಸಿನ್ ವಂಶದ ವಿಷ ಅಲ್ಲಿ ಇಳಿಯುತ್ತದೆ. ಮೈಯೆಲ್ಲಾ ಸುಡುತ್ತಿದ್ದ ಸತ್ವಕ್ಕೆ ವಿಳಾಸ ಬರೆದು ಕಳಿಸುವುದನ್ನು ಕಲಿಯಲು ಅರ್ಧ ಶತಮಾನ ಹಿಡಿಯಿತು. ಪ್ರತಿಕಾಯದ ಮಾತು ಬಂದಾಗ ಬಯೋಕಾನ್ ನೆನಪಾಗುತ್ತದೆ. 1978ರಲ್ಲಿ ಪರಂಗಿಕಾಯಿಯ ಹಾಲಿನ ಕಿಣ್ವ ಪಪೇನ್ ತಯಾರಿಸುತ್ತಾ ಶುರುವಾದ ಆ ಕಂಪನಿ 2014ರಲ್ಲಿ ಸ್ತನ ಕ್ಯಾನ್ಸರಿನ ಟ್ರಾಸ್ಟುಜುಮ್ಯಾಬನ್ನು ನಮ್ಮ ಮಾರುಕಟ್ಟೆಗೆ ತಂದಿತು. ಅದೇ ಔಷಧಕ್ಕೆ 2017ರಲ್ಲಿ ಅಮೆರಿಕದ ಒಪ್ಪಿಗೆಯೂ ದೊರೆಯಿತು.

ಇಷ್ಟು ಹೇಳಿದ್ದು ಯಾಕೆಂದರೆ, ‘ಅಲೋಪತಿಯವರು ಗಿಡಮೂಲಿಕೆ ನಂಬುವುದಿಲ್ಲ’ ಎಂಬ ಮಾತು ಸುಳ್ಳು. ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ಡೇ ಕೇರಿನಲ್ಲಿ, ಬೊಮ್ಮಸಂದ್ರದ ಆಸ್ಪತ್ರೆಯಲ್ಲಿ, ವೈಟ್‌ಫೀಲ್ಡಿನ ವೈದೇಹಿಯಲ್ಲಿ ಡ್ರಿಪ್ ಹಾಕಿಸಿಕೊಂಡು ಕೂತವರ ಬಾಟಲಿಗಳಲ್ಲಿ ಎಷ್ಟೋ ಸಲ ಇರುವುದು ಮರದಿಂದ ಬಂದ ಸತ್ವವೇ. ಪ್ಯಾಕ್ಲಿಟ್ಯಾಕ್ಸೆಲ್ ನೀರಿನಲ್ಲಿ ಕರಗುವುದಿಲ್ಲ. ಅದನ್ನು ಕರಗಿಸಲು ಬಳಸುವ ದ್ರವವನ್ನೂ ಹರಳೆಣ್ಣೆಯಿಂದ ಮಾಡುತ್ತಾರೆ. ಆ ದ್ರವವೇ ಕೆಲವರಿಗೆ ಅಲರ್ಜಿ ಎಬ್ಬಿಸುವುದರಿಂದ ಡ್ರಿಪ್ ಏರಿಸುವ ಮೊದಲು ನರ್ಸಮ್ಮ ಸ್ಟಿರಾಯ್ಡ್ ಮತ್ತು ಅಲರ್ಜಿಯ ಇಂಜೆಕ್ಷನ್ ಕೊಡುತ್ತಾರೆ. ರೋಗಿಯ ಎತ್ತರ, ತೂಕ ನೋಡಿ ಮಿಲಿಗ್ರಾಂ ಲೆಕ್ಕದಲ್ಲಿ ಡೋಸು, ಇಷ್ಟು ವಾರಕ್ಕೊಮ್ಮೆ ಎಂದು ಅವಧಿ, ಮೊದಲು ರಕ್ತ ಪರೀಕ್ಷೆ. ಕೂದಲು ಉದುರುತ್ತದೆ, ಬೆರಳ ತುದಿ ಜೋಮು ಹಿಡಿಯುತ್ತದೆ ಎಂದು ಮುಂಚೆಯೇ ಹೇಳುತ್ತಾರೆ. ಗಿಡ ಔಷಧವಾಗುವುದು ಹೀಗೆ.

ಇನ್ನು ಪತ್ರಿಕೆಯಲ್ಲಿ ತಿಂಗಳಿಗೊಮ್ಮೆ ಬರುವ ಸುದ್ದಿ: ‘ಇಂಥ ಎಲೆಯ ಸಾರ ಸ್ತನ ಕ್ಯಾನ್ಸರ್ ಕೋಶಗಳನ್ನು ಕೊಂದಿತು.’ ಇದು ಸುಳ್ಳಲ್ಲ. ನಮ್ಮ ಫಾರ್ಮಸಿ ಕಾಲೇಜುಗಳಲ್ಲಿ, ಬಯೋಟೆಕ್ನಾಲಜಿ ವಿಭಾಗಗಳಲ್ಲಿ ಮಕ್ಕಳು ಶ್ರದ್ಧೆಯಿಂದ ಮಾಡುವ ಪ್ರಯೋಗ ಅದು. ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆ, ಅದರಲ್ಲಿ ಸಾಲಾಗಿ 96 ಸಣ್ಣ ಗುಳಿಗಳು. ಪ್ರತಿ ಗುಳಿಯಲ್ಲೂ ಗುಲಾಬಿ ಬಣ್ಣದ ದ್ರವ, ಅದರ ತಳದಲ್ಲಿ ಕಣ್ಣಿಗೆ ಕಾಣದ ಕೋಶಗಳು. ಎಲೆಯ ಸಾರವನ್ನು ಸಾಲಿನಿಂದ ಸಾಲಿಗೆ ಹೆಚ್ಚಿಸುತ್ತಾ ಹಾಕುತ್ತಾರೆ. ಒಂದೆರಡು ದಿನ ಬಿಟ್ಟು ಹಳದಿ ಬಣ್ಣದ ಎಂಟಿಟಿ ಎಂಬ ಪುಡಿಯ ದ್ರಾವಣ ಸೇರಿಸುತ್ತಾರೆ. ಜೀವವಿರುವ ಕೋಶ ಅದನ್ನು ನೇರಳೆ ಮಾಡುತ್ತದೆ, ಸತ್ತದ್ದು ಮಾಡುವುದಿಲ್ಲ. ನೇರಳೆ ತಿಳಿಯಾದಷ್ಟೂ ಸಾರ ಬಲವಾದದ್ದು ಎಂದು ಲೆಕ್ಕ.

ಆ ಕೋಶಗಳು ಯಾರವು ಎಂಬುದನ್ನು ನಾನು ಪ್ರತಿ ವರ್ಷ ವಿದ್ಯಾರ್ಥಿಗಳಿಗೆ ಹೇಳುತ್ತಿದ್ದೆ. ಹೆಚ್ಚು ಬಳಕೆಯಲ್ಲಿರುವ ತಳಿಯ ಹೆಸರು ಎಂಸಿಎಫ್-7. ಅಮೆರಿಕದ ಮಿಷಿಗನ್ ರಾಜ್ಯದ ಕ್ರೈಸ್ತ ಸನ್ಯಾಸಿನಿ, ಸಿಸ್ಟರ್ ಕ್ಯಾಥರೀನ್ ಫ್ರಾನ್ಸಿಸ್ ಮ್ಯಾಲನ್ ಅವರ ಎದೆಯಲ್ಲಿ ತುಂಬಿದ್ದ ನೀರಿನಿಂದ ತೆಗೆದ ಕೋಶಗಳು. 1970ರಲ್ಲಿ ಅವರು ತೀರಿಕೊಂಡರು. ಅವರ ಕೋಶಗಳು ಇಂದಿಗೂ ಲೋಕದ ಪ್ರಯೋಗಾಲಯಗಳಲ್ಲಿ ಬೆಳೆಯುತ್ತಿವೆ, ಬೆಂಗಳೂರಿನಲ್ಲೂ. ಆ ತಾಯಿಯ ದೇಹವಲ್ಲ, ಕೋಶ ಮಾತ್ರ. ತಟ್ಟೆಗೆ ಕರುಳಿಲ್ಲ, ಯಕೃತ್ತಿಲ್ಲ, ರಕ್ತನಾಳವಿಲ್ಲ. ಅಲ್ಲಿ ಹರಳುಪ್ಪು ಹಾಕಿದರೂ ಕೋಶ ಸಾಯುತ್ತದೆ. ತಟ್ಟೆಯಲ್ಲಿ ಕೋಶ ಕೊಲ್ಲಲು ಬೇಕಾದಷ್ಟು ಕರ್ಕ್ಯುಮಿನ್, ದಿನಕ್ಕೆ 8 ಗ್ರಾಂ ನುಂಗಿದ ರೋಗಿಯ ರಕ್ತದಲ್ಲೂ ಸಿಗುವುದಿಲ್ಲ. ಸಾಲದ್ದಕ್ಕೆ ಕರ್ಕ್ಯುಮಿನ್ ತಾನೇ ಹಳದಿ. ಬಣ್ಣ ನೋಡಿ ಅಳೆಯುವ ಪರೀಕ್ಷೆಗಳನ್ನು ಅದು ದಾರಿ ತಪ್ಪಿಸುತ್ತದೆ ಎಂದು 2017ರಲ್ಲಿ ಔಷಧ ರಸಾಯನಶಾಸ್ತ್ರಜ್ಞರ ತಂಡವೊಂದು ದೀರ್ಘವಾಗಿ ವಿವರಿಸಿತು.

ಹಾಗಾದರೆ ರೋಗಿಗಳ ಮೇಲೆ ನೋಡಿದವರು ಏನು ಕಂಡರು? ಕರೆಂಟ್, ಅಂದರೆ ರೇಡಿಯೇಷನ್, ಕೊಡಿಸಿಕೊಂಡಾಗ ಎದೆಯ ಚರ್ಮ ಸುಟ್ಟಂತಾಗುತ್ತದಲ್ಲ, ಅದಕ್ಕೆ ಕರ್ಕ್ಯುಮಿನ್ ಕೊಟ್ಟು ಅಮೆರಿಕದ ರಾಚೆಸ್ಟರಿನವರು ಪರೀಕ್ಷಿಸಿದರು. ದಿನಕ್ಕೆ 6 ಗ್ರಾಂ. ಅರಿಶಿನದಲ್ಲಿ ಈ ಸತ್ವ ಇರುವುದು ನೂರಕ್ಕೆ ಸುಮಾರು ಮೂರು ಪಾಲು. ಅಂದರೆ ಆ 6 ಗ್ರಾಮಿಗೆ ದಿನಕ್ಕೆ 200 ಗ್ರಾಂ ಅರಿಶಿನದ ಪುಡಿ ತಿನ್ನಬೇಕು! ಸಾರಿಗೆ ಹಾಕುವ ಕಾಲು ಚಮಚದ ಮಾತಲ್ಲ ಇದು. 2013ರಲ್ಲಿ 30 ಮಹಿಳೆಯರ ಸಣ್ಣ ಪ್ರಯೋಗದಲ್ಲಿ ಚರ್ಮದ ಸುಡು ಕಡಿಮೆಯಾದಂತೆ ಕಂಡಿತು. ಅದೇ ತಂಡ 686 ಮಹಿಳೆಯರ ಮೇಲೆ ಮತ್ತೆ ಮಾಡಿ 2018ರಲ್ಲಿ ಪ್ರಕಟಿಸಿದಾಗ ಗಣನೀಯ ಲಾಭ ಕಾಣಲಿಲ್ಲ. ಆ ಸಂಶೋಧಕರ ಬಗ್ಗೆ ನನಗೆ ಗೌರವ. ತಮ್ಮದೇ ಒಳ್ಳೆಯ ಸುದ್ದಿಯನ್ನು ತಾವೇ ದೊಡ್ಡ ಪ್ರಯೋಗದಲ್ಲಿ ಒರೆಗೆ ಹಚ್ಚಿ, ಬಂದ ಉತ್ತರವನ್ನು ಮುಚ್ಚಿಡದೆ ಹೇಳಿದರು. ಆರ್ಮೇನಿಯಾದಲ್ಲಿ 150 ಮಹಿಳೆಯರಲ್ಲಿ ಒಂದು ಗುಂಪಿಗೆ ಪ್ಯಾಕ್ಲಿಟ್ಯಾಕ್ಸೆಲ್ ಜೊತೆ ಕರ್ಕ್ಯುಮಿನನ್ನು ಡ್ರಿಪ್ಪಿನಲ್ಲಿ ಕೊಟ್ಟು ಮಾಡಿದ ಪ್ರಯೋಗ 2020ರಲ್ಲಿ ಬಂತು. ಗಡ್ಡೆ ಕುಗ್ಗಿದವರು ಕರ್ಕ್ಯುಮಿನ್ ಪಡೆದ ಗುಂಪಿನಲ್ಲಿ ಸುಮಾರು ಅರ್ಧದಷ್ಟು, ಪಡೆಯದ ಗುಂಪಿನಲ್ಲಿ ಮೂರನೇ ಒಂದರಷ್ಟು. ಇದು ಆಸೆ ಹುಟ್ಟಿಸುವ ಫಲಿತಾಂಶ. ಇನ್ನೊಂದು ದೊಡ್ಡ ಪ್ರಯೋಗ ಇದನ್ನು ಎತ್ತಿಹಿಡಿಯುವವರೆಗೆ ಆಸೆ ಮಾತ್ರ. ಅದೂ ರಕ್ತನಾಳಕ್ಕೆ ಕೊಟ್ಟದ್ದು, ನುಂಗಿದ್ದಲ್ಲ.

ಅಶ್ವಗಂಧ, ನಮ್ಮ ಹಿರೇಮದ್ದಿನ ಗಿಡ, ಅದರ ಬೇರಿನ ಸಾರವನ್ನು ಮಲೇಷ್ಯಾದಲ್ಲಿ ಸ್ತನ ಕ್ಯಾನ್ಸರಿನ 100 ಮಹಿಳೆಯರಲ್ಲಿ ಅರ್ಧದಷ್ಟು ಜನರಿಗೆ ಕಿಮೋ ಜೊತೆ ಕೊಟ್ಟು ನೋಡಿದರು. ಸುಸ್ತು ಕಡಿಮೆಯಾಯಿತು, ದಿನಗಳು ಸಹನೀಯವಾದವು ಎಂದರು. ಯಾರಿಗೆ ಕೊಡಬೇಕೆಂದು ಚೀಟಿ ಎತ್ತಿ ಆರಿಸಿದ ಪ್ರಯೋಗ ಅಲ್ಲವಾದ್ದರಿಂದ ತೂಕ ಕಡಿಮೆ. ಶುಂಠಿಗೆ ಇದಕ್ಕಿಂತ ಗಟ್ಟಿ ಆಧಾರವಿದೆ. 576 ರೋಗಿಗಳ ಪ್ರಯೋಗದಲ್ಲಿ, ಅವರಲ್ಲಿ ಹೆಚ್ಚಿನವರು ಸ್ತನ ಕ್ಯಾನ್ಸರಿನವರೇ, ವಾಂತಿಯ ಮಾತ್ರೆಯ ಜೊತೆಗೆ ದಿನಕ್ಕೆ ಅರ್ಧದಿಂದ ಒಂದು ಗ್ರಾಂ ಶುಂಠಿ ಕೊಟ್ಟಾಗ ಕಿಮೋ ಆದ ದಿನದ ಹೊಟ್ಟೆ ತೊಳಸುವಿಕೆ ಕಡಿಮೆಯಾಯಿತು. ಇಲ್ಲಿ ‘ಜೊತೆಗೆ’ ಎಂಬುದೇ ಮುಖ್ಯ. ಗಡ್ಡೆ ಕರಗಿಸುತ್ತದೆ ಎಂದು ಅವರಾರೂ ಹೇಳಲಿಲ್ಲ.

ಈಗ ಮೊದಲು ಹೇಳಿದ ಸೇಂಟ್ ಜಾನ್ಸ್ ಪ್ರಬಂಧಕ್ಕೆ ಬರುತ್ತೇನೆ. ಈ ಉಪನ್ಯಾಸ ಮಾಡಬೇಕೆಂದು ನನಗೆ ಅನ್ನಿಸಿದ್ದೇ ಈ ಭಾಗಕ್ಕಾಗಿ.

ಸ್ತನ ಕ್ಯಾನ್ಸರಿನಲ್ಲಿ ಬಹಳಷ್ಟು, ಈಸ್ಟ್ರೊಜೆನ್ ಹಾರ್ಮೋನಿನ ಬೆಂಬಲದಿಂದ ಬೆಳೆಯುವ ಬಗೆ. ಆಪರೇಷನ್, ಕಿಮೋ, ಕರೆಂಟ್ ಎಲ್ಲ ಮುಗಿದ ಮೇಲೆ ಅಂಥವರಲ್ಲಿ ಹಲವರಿಗೆ ಟ್ಯಾಮಾಕ್ಸಿಫೆನ್ ಮಾತ್ರೆ ಕೊಡುತ್ತಾರೆ. ದಿನಕ್ಕೊಂದು, ಐದು ವರ್ಷ, ಕೆಲವರಿಗೆ ಹತ್ತು ವರ್ಷ. ಕಾಯಿಲೆ ಮರುಕಳಿಸದಂತೆ ಕಾಯುವ ಮಾತ್ರೆ. ಹೊಲಿಗೆ ಮೆಷಿನ್ ಮುಂದೆ ಮತ್ತೆ ಕೂತವರು, ಮತ್ತೆ ಲ್ಯಾಪ್‌ಟಾಪ್ ತೆರೆದವರು, ಊಟದ ಡಬ್ಬಿಯ ಜೊತೆ ಅದನ್ನೂ ಇಟ್ಟುಕೊಂಡಿರುತ್ತಾರೆ. ಈ ಮಾತ್ರೆ ನುಂಗಿದ ರೂಪದಲ್ಲಿ ಹೆಚ್ಚು ಕೆಲಸ ಮಾಡುವುದಿಲ್ಲ. ಯಕೃತ್ತು ತನ್ನ ಕಿಣ್ವಗಳಿಂದ ಅದನ್ನು ಎಂಡಾಕ್ಸಿಫೆನ್ ಮಾಡಬೇಕು, ಅದೇ ನಿಜವಾದ ಕಾವಲುಗಾರ. 2019ರಲ್ಲಿ ನೆದರ್‌ಲ್ಯಾಂಡ್ಸಿನ ರಾಟರ್‌ಡ್ಯಾಮಿನ ಎರಾಸ್ಮಸ್ ವೈದ್ಯಕೀಯ ಕೇಂದ್ರದವರು ಟ್ಯಾಮಾಕ್ಸಿಫೆನ್ ತೆಗೆದುಕೊಳ್ಳುತ್ತಿದ್ದ 16 ಮಹಿಳೆಯರಿಗೆ ಕರ್ಕ್ಯುಮಿನ್ ಕೊಟ್ಟು ರಕ್ತದಲ್ಲಿ ಎಂಡಾಕ್ಸಿಫೆನ್ ಅಳೆದರು. ಕರ್ಕ್ಯುಮಿನ್ ಒಂದನ್ನೇ ಕೊಟ್ಟಾಗ ಶೇ 7.7ರಷ್ಟು ಇಳಿಯಿತು. ಜೊತೆಗೆ ಮೆಣಸಿನ ಪೈಪರೀನ್ ಸೇರಿಸಿದಾಗ ಶೇ 12.4ರಷ್ಟು. ಮೊದಲೇ ಎಂಡಾಕ್ಸಿಫೆನ್ ಕಡಿಮೆ ಇರುವವರಿಗೆ ಇಷ್ಟು ಇಳಿತ ಸಾಕು, ಕಾವಲು ತಪ್ಪಬಹುದು.

ಬೆಂಗಳೂರಿನ ಆ ಪ್ರಬಂಧದಲ್ಲಿ ಮೆಣಸು ಯಾವ ಗುಣದಿಂದ ಅರಿಶಿನಕ್ಕೆ ಒತ್ತಾಸೆಯಾಯಿತು? ಔಷಧಗಳನ್ನು ಬದಲಾಯಿಸಿ ಹೊರಹಾಕುವ ಕಿಣ್ವಗಳ ಕೈ ಕಟ್ಟುವ ಗುಣದಿಂದ. ಕಿಣ್ವಗಳಿಗೆ ಅರಿಶಿನ ಬೇರೆ, ಕಿಮೋ ಬೇರೆ ಎಂಬ ಭೇದವಿಲ್ಲ. ಹಾಗಾಗಿ ಮೆಣಸಿನ ಸಾರ ಒಂದು ಔಷಧವನ್ನು ಮೈಯಲ್ಲಿ ಹೆಚ್ಚಿಸಬಹುದು, ಇನ್ನೊಂದನ್ನು ತಗ್ಗಿಸಬಹುದು. ಡೋಸಿನ ಲೆಕ್ಕವೆಲ್ಲ ಏರುಪೇರು. ಇನ್ನೂ ಹಿಂದೆ, 2002ರಲ್ಲಿ, ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಸೋಮಸುಂದರಂ ಮತ್ತು ಸಂಗಡಿಗರು ಸ್ತನ ಕ್ಯಾನ್ಸರ್ ಕೋಶಗಳ ಮೇಲೆ ಕಿಮೋ ಔಷಧಗಳ ಜೊತೆ ಕರ್ಕ್ಯುಮಿನ್ ಹಾಕಿ ನೋಡಿದ್ದರು. ಕಿಮೋದಿಂದ ಸಾಯಬೇಕಿದ್ದ ಕೋಶಗಳು ಕರ್ಕ್ಯುಮಿನ್ ನೆರಳಲ್ಲಿ ಬದುಕಿಕೊಂಡವು. ಇಲಿಗಳಲ್ಲೂ ಅದೇ. ಇದು ಪ್ರಯೋಗಾಲಯದ ಫಲಿತಾಂಶ, ತಟ್ಟೆಯ ಬಗ್ಗೆ ನಾನು ಹೇಳಿದ ಮಾತು ಇದಕ್ಕೂ ಅನ್ವಯ. ಆದರೆ ಚಿಕಿತ್ಸೆಯ ನಡುವೆ ಇರುವವರು ಇದನ್ನು ತಿಳಿಯದೆ ಇರಬಾರದು.

‘ಅರಿಶಿನ ತಾನೇ ಸಾರ್, ಅಡುಗೆಮನೆದು, ಏನಾಗುತ್ತೆ?’ ಎಂದು ಕೇಳುತ್ತಾರೆ. ಹುಳಿ, ಸಾರು, ಪಲ್ಯದ ಅರಿಶಿನದಿಂದ ಏನೂ ಆಗುವುದಿಲ್ಲ, ನೆಮ್ಮದಿಯಾಗಿ ಉಣ್ಣಿ. ನಾನು ಹೇಳುತ್ತಿರುವುದು ಡಬ್ಬಿಯ ಮಾತು, ಅರಿಶಿನದ ಸತ್ವವನ್ನು ನೂರಕ್ಕೆ 95ರಷ್ಟು ಗಟ್ಟಿಮಾಡಿ, ಮೆಣಸಿನ ಸಾರ ಬೆರೆಸಿ, ಕ್ಯಾಪ್ಸೂಲಿಗೆ ತುಂಬಿದ್ದರ ಮಾತು. ಚಾಮರಾಜನಗರದ ಹೊಲದ ಅರಿಶಿನದ ಕೊಂಬು ಮತ್ತು ಆ ಕ್ಯಾಪ್ಸೂಲು ಒಂದೇ ಗಿಡದವು, ಆದರೆ ಒಂದೇ ವಸ್ತುವಲ್ಲ. ಸಾರ ಮಾಡುವುದೆಂದರೆ ಬಲ ಹೆಚ್ಚಿಸುವುದು. ಬಲ ಬಂದ ಮೇಲೆ ತೊಂದರೆ ಕೊಡುವ ಶಕ್ತಿಯೂ ಬರುತ್ತದೆ. ಅರಿಶಿನದ ಕ್ಯಾಪ್ಸೂಲು ನುಂಗಿ ಕಾಮಾಲೆ ಹತ್ತಿದವರ ಬಗ್ಗೆ ಅಮೆರಿಕದಿಂದ ವರದಿಗಳಿವೆ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿಯ ಕಷಾಯ ಬಿಡದೆ ಕುಡಿದು ಯಕೃತ್ತಿಗೆ ಪೆಟ್ಟಾದವರ ಬಗ್ಗೆ 2021ರಲ್ಲಿ ಮುಂಬಯಿಯ ವೈದ್ಯರು ಬರೆದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ವಾದ ಏನೇ ಇರಲಿ, ಕಿಮೋ ಆಗುತ್ತಿರುವವರ ಯಕೃತ್ತು ಮೊದಲೇ ದಣಿದಿರುತ್ತದೆ, ಅದರ ಮೇಲೆ ಇನ್ನೊಂದು ಹೊರೆ ಬೇಡ.

ಲಕ್ಷ್ಮೀತರುವಿನ ಬಗ್ಗೆ ಹೇಳದಿದ್ದರೆ ನೀವೇ ಎದ್ದು ಕೇಳುತ್ತೀರಿ. ಮಧ್ಯ ಅಮೆರಿಕದ ಮರ, ಎಣ್ಣೆಬೀಜಕ್ಕೆಂದು ನಮ್ಮ ದೇಶಕ್ಕೆ ಬಂದದ್ದು, ಜಿಕೆವಿಕೆಯ ಮೂಲಕ ಕರ್ನಾಟಕದಲ್ಲಿ ಹಬ್ಬಿತು. ಅದರ ಎಲೆಯ ಕಷಾಯ ಕ್ಯಾನ್ಸರಿಗೆ ರಾಮಬಾಣ ಎಂಬ ಮಾತೂ ಅದರ ಜೊತೆ ಹಬ್ಬಿತು. ಅದರ ಕಹಿ ಸತ್ವಗಳಲ್ಲಿ ಕೋಶ ಕೊಲ್ಲುವ ಗುಣ ನಿಜಕ್ಕೂ ಇದೆ, ಮಾತು ಪೂರಾ ಗಾಳಿಯಲ್ಲಿ ಹುಟ್ಟಿದ್ದಲ್ಲ. ಅದೇ ಕುಟುಂಬದ ಇನ್ನೊಂದು ಮರದ ಅಂಥದೇ ಸತ್ವ ಬ್ರೂಸಿಯಾಂಟಿನನ್ನು 1980ರ ದಶಕದ ಆರಂಭದಲ್ಲಿ ಸ್ತನ ಕ್ಯಾನ್ಸರ್ ಹರಡಿದ್ದ ರೋಗಿಗಳಿಗೆ ಕೊಟ್ಟು ನೋಡಿದರು. ಗಡ್ಡೆ ಕುಗ್ಗಲಿಲ್ಲ, ಪ್ರಯೋಗ ಕೈಬಿಟ್ಟರು. ಲಕ್ಷ್ಮೀತರುವಿನ ಜೊತೆ ತಿನ್ನಿರೆಂದು ಹೇಳುವ ಮುಳ್ಳುರಾಮಫಲದಲ್ಲಿ ಅನ್ನೊನಾಸಿನ್ ಎಂಬ ನರಕ್ಕೆ ಕೆಡುಕು ಮಾಡುವ ಸತ್ವ ಇದೆ. ಅದನ್ನು ನಿತ್ಯ ಬಳಸುವ ಗ್ವಾಡಲೂಪ್ ದ್ವೀಪದಲ್ಲಿ ಪಾರ್ಕಿನ್ಸನ್ ತರಹದ ಕಾಯಿಲೆ ಹೆಚ್ಚಾಗಿರುವುದನ್ನು 1999ರಲ್ಲೇ ಗುರುತಿಸಿದ್ದಾರೆ.

ಸಾಗರ ತಾಲ್ಲೂಕಿನ ನರಸೀಪುರಕ್ಕೆ ಹೋಗಿ ಬಂದವರು ಈ ಸಭೆಯಲ್ಲೂ ಇರಬಹುದು. ಗುರುವಾರ, ಭಾನುವಾರ ಅಲ್ಲಿ ವೈದ್ಯ ನಾರಾಯಣಮೂರ್ತಿಯವರ ಮನೆಮುಂದೆ ನಸುಕಿಗೇ ಸಾಲು ನಿಲ್ಲುತ್ತಿತ್ತು. ರಾತ್ರಿ ಬಸ್ಸಿನಲ್ಲಿ ಬೆಂಗಳೂರಿನಿಂದ ಹೋದವರು, ಬೇರೆ ರಾಜ್ಯದಿಂದ ಬಂದವರು, ಕೈಯಲ್ಲಿ ಸ್ಕ್ಯಾನಿನ ಕವರು. 2020ರಲ್ಲಿ ಅವರು ತೀರಿಕೊಂಡರು. ಅಲ್ಲಿ ನಿಂತವರನ್ನು ಮೂಢರು ಎಂದು ಯಾರಾದರೂ ಅಂದರೆ ನನಗೆ ಸಿಟ್ಟು ಬರುತ್ತದೆ. ಆಸ್ಪತ್ರೆಯಲ್ಲಿ ಐದು ನಿಮಿಷವೂ ಮುಖ ನೋಡಿ ಮಾತಾಡದಿದ್ದಾಗ, ಒಂದು ದಿನ ರಜೆ ಹಾಕಿದರೆ ಹಾಜರಿ ಭತ್ಯೆ ಹೋಗುವಾಗ, ಮೊಲೆ ತೆಗೆಯುತ್ತಾರೆ, ಕೂದಲು ಹೋಗುತ್ತದೆ ಎಂಬ ಭಯ ಒಳಗೆ ಕೊರೆಯುವಾಗ, ‘ವಾಸಿಯಾಗುತ್ತೆ’ ಎಂದು ಒಬ್ಬರು ಹೇಳಿದರೆ ಅಲ್ಲಿಗೆ ಹೋಗುವುದು ಮನುಷ್ಯಸಹಜ. ನನ್ನ ಸಂಕಟ ಬೇರೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು 2018ರಲ್ಲಿ ಲೆಕ್ಕ ಹಾಕಿದಂತೆ, ಸ್ತನ ಕ್ಯಾನ್ಸರಿಗೆ ಆಸ್ಪತ್ರೆಯ ಚಿಕಿತ್ಸೆ ಬಿಟ್ಟು ಪರ್ಯಾಯ ಔಷಧವನ್ನಷ್ಟೇ ನೆಚ್ಚಿದವರಲ್ಲಿ ಸಾವಿನ ಸಂಭವ ಉಳಿದವರಿಗಿಂತ ಐದೂವರೆ ಪಟ್ಟಿಗೂ ಹೆಚ್ಚು. ಅಂಗೈಗೆ ಸಿಗುವ ಸಣ್ಣ ಗಂಟಾಗಿದ್ದಾಗ ಆಪರೇಷನ್ನಿಗೆ ಒಗ್ಗುತ್ತಿದ್ದದ್ದು, ಕಷಾಯದ ಆರೇಳು ತಿಂಗಳಲ್ಲಿ ಕಂಕುಳಿಗೆ, ಮೂಳೆಗೆ ಇಳಿದಿರುತ್ತದೆ. ಕಷಾಯ ಮಾಡಿದ ಕೆಡುಕಿಗಿಂತ ಅದು ನುಂಗಿದ ಕಾಲ ದೊಡ್ಡದು.

ಕಿದ್ವಾಯಿಯಲ್ಲಿ 1982ರಿಂದ ಬೆಂಗಳೂರಿನ ಕ್ಯಾನ್ಸರ್ ರೋಗಿಗಳ ದಾಖಲೆ ಇಡುತ್ತಾ ಬಂದಿದ್ದಾರೆ. ಶುರುವಿನಲ್ಲಿ ಹೆಂಗಸರಲ್ಲಿ ಗರ್ಭಕೊರಳಿನ ಕ್ಯಾನ್ಸರ್ ಮೊದಲಿತ್ತು, ಈಗ ಸ್ತನ ಕ್ಯಾನ್ಸರ್ ಮೊದಲು. 2022ರ ಅಂದಾಜಿನಂತೆ ದೇಶದಲ್ಲಿ ಒಂದು ವರ್ಷಕ್ಕೆ ಹೊಸದಾಗಿ 1.92 ಲಕ್ಷ ಮಂದಿಗೆ ಈ ಕಾಯಿಲೆ, ಸತ್ತವರು 98 ಸಾವಿರ. ಇಷ್ಟು ಜನ ಸಾಯುವುದಕ್ಕೆ ತಡವಾಗಿ ಬರುವುದು ದೊಡ್ಡ ಕಾರಣ. ಮುಂಬಯಿಯಲ್ಲಿ ಟಾಟಾ ಸ್ಮಾರಕ ಆಸ್ಪತ್ರೆಯವರು 20 ವರ್ಷ, ಒಂದೂವರೆ ಲಕ್ಷ ಮಹಿಳೆಯರ ಮೇಲೆ ನಡೆಸಿದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆ ಎರಡು ವರ್ಷಕ್ಕೊಮ್ಮೆ ಕೈಯಿಂದ ಎದೆ ಪರೀಕ್ಷೆ ಮಾಡಿದ್ದಕ್ಕೇ, ಐವತ್ತು ದಾಟಿದವರಲ್ಲಿ ಈ ಕಾಯಿಲೆಯ ಸಾವು ಸುಮಾರು ಶೇ 30ರಷ್ಟು ಕಡಿಮೆಯಾಯಿತು. ಮೆಷಿನ್ ಇಲ್ಲ, ಸಾರ ಇಲ್ಲ, ಬರೀ ಕಲಿತ ಕೈ. ಇದನ್ನು ಪೀಣ್ಯದ ಗಾರ್ಮೆಂಟ್ಸಿನ ಕ್ಲಿನಿಕ್ ಕೋಣೆಯಲ್ಲಿ ಮಾಡುವುದಕ್ಕೆ ಏನು ಅಡ್ಡಿ? ವೈಟ್‌ಫೀಲ್ಡಿನ ಕ್ಯಾಂಪಸ್ಸುಗಳಲ್ಲಿ ಆರೋಗ್ಯ ಸಪ್ತಾಹಕ್ಕೆ ಯೋಗ ಮ್ಯಾಟು ಹಂಚುವ ದಿನವೇ ಇದನ್ನೂ ಮಾಡಿಸಬಹುದಲ್ಲ?

ಸಾರ ತಯಾರಿಸುವ ಕಂಪನಿಗಳವರನ್ನೂ ಕೇಳಿಕೊಳ್ಳುತ್ತೇನೆ. ರೋಗಿಗಳಿಗೆ ಕರ್ಕ್ಯುಮಿನ್ ಕೊಟ್ಟು ಮಾಡಿದ, ನಾನು ಹೇಳಿದ ಪ್ರಯೋಗಗಳು ನಡೆದದ್ದು ರಾಚೆಸ್ಟರಿನಲ್ಲಿ, ರಾಟರ್‌ಡ್ಯಾಮಿನಲ್ಲಿ, ಆರ್ಮೇನಿಯಾದಲ್ಲಿ. ಪೀಣ್ಯದಲ್ಲಿ ಹದಮಾಡಿದ ಅರಿಶಿನ, ಟ್ಯಾಮಾಕ್ಸಿಫೆನ್ ನುಂಗುತ್ತಿರುವ ಪೀಣ್ಯದ ಹೆಂಗಸಿನ ಮೈಯಲ್ಲಿ ಏನು ಮಾಡುತ್ತದೆ? ನಮ್ಮ ಊಟ ಬೇರೆ, ಮೈಕಟ್ಟು ಬೇರೆ, ಕಿಣ್ವಗಳ ಬಗೆಯೂ ಬೇರೆ ಇದ್ದೀತು. ಕಿದ್ವಾಯಿಯಂಥ ಸಂಸ್ಥೆ, ಯಲಹಂಕದ ಬಳಿ ಔಷಧಿ ಸಸ್ಯಗಳ ಮೇಲೆ ದಶಕಗಳಿಂದ ಕೆಲಸ ಮಾಡುತ್ತಿರುವ ಎಫ್‌ಆರ್‌ಎಲ್‌ಎಚ್‌ಟಿ, ಈ ಕಂಪನಿಗಳು, ಮೂವರೂ ಒಟ್ಟಿಗೆ ಕೂತರೆ ಉತ್ತರ ಸಿಗದ ಪ್ರಶ್ನೆಯಲ್ಲ. ಉತ್ತರ ‘ಪ್ರಯೋಜನವಿಲ್ಲ’ ಎಂದು ಬಂದರೂ ಅದನ್ನು ಪ್ರಕಟಿಸುವ ಧೈರ್ಯ ಬೇಕು.

ನೀವು ಕೇಳಬಹುದಾದ ಪ್ರಶ್ನೆಗಳೂ ಇವೆ. ಯಾರಾದರೂ ‘ಇದು ಕ್ಯಾನ್ಸರ್ ವಾಸಿ ಮಾಡುತ್ತೆ’ ಎಂದು ಜಾಹೀರಾತು ಕೊಟ್ಟರೆ ಅದು 1954ರ ಕಾನೂನಿನಂತೆಯೇ ಅಪರಾಧ, ಅಲ್ಲಿಗೇ ಅವರ ಮೇಲೆ ಅನುಮಾನ ಬರಬೇಕು. ‘ಪ್ರಯೋಗದಿಂದ ಸಾಬೀತಾಗಿದೆ’ ಎಂದರೆ, ಯಾರ ಮೇಲೆ, ತಟ್ಟೆಯ ಮೇಲೋ ಇಲಿಯ ಮೇಲೋ ಮನುಷ್ಯರ ಮೇಲೋ ಎಂದು ಕೇಳಿ. ಮನುಷ್ಯರ ಮೇಲೆ ಎಂದರೆ ಸಿಟಿಆರ್‌ಐ ಎಂಬ ಔಷಧ ಪ್ರಯೋಗಗಳ ರಾಷ್ಟ್ರೀಯ ದಾಖಲೆಯ ನೋಂದಣಿ ಸಂಖ್ಯೆ ಕೊಡಿ ಅನ್ನಿ. 2009ರಿಂದ ನಮ್ಮ ದೇಶದಲ್ಲಿ ಔಷಧ ಪ್ರಯೋಗ ಮಾಡುವವರು ಅಲ್ಲಿ ನೋಂದಾಯಿಸಲೇಬೇಕು, ಮನೆಯ ಮಕ್ಕಳು ಮೊಬೈಲಿನಲ್ಲೇ ಹುಡುಕಿ ಕೊಡುತ್ತಾರೆ.

ಕೊನೆಯದಾಗಿ, ಇಲ್ಲಿ ಬಂದಿರುವ ವೈದ್ಯರಿಗೂ ನರ್ಸ್‌ಗಳಿಗೂ ಒಂದು ವಿನಂತಿ. ‘ಬೇರೆ ಏನಾದರೂ ತಗೊಳ್ತಿದ್ದೀರಾ ಅಮ್ಮಾ, ಕಷಾಯ, ಪುಡಿ, ಕ್ಯಾಪ್ಸೂಲು, ನಾಟಿ ಔಷಧ?’ ಎಂದು ಪ್ರತಿ ಭೇಟಿಯಲ್ಲೂ ಕೇಳಿ, ಗದರದೆ ಕೇಳಿ, ಕೇಸ್ ಶೀಟಿನಲ್ಲಿ ಅದಕ್ಕೊಂದು ಸಾಲು ಇಡಿ. ಒಮ್ಮೆ ಬೈಸಿಕೊಂಡವರು ಮತ್ತೆ ಬಾಯಿ ಬಿಡುವುದಿಲ್ಲ. ಬಾಯಿ ಬಿಡದಿದ್ದರೆ ಟ್ಯಾಮಾಕ್ಸಿಫೆನ್ ಯಾಕೆ ಕೈಕೊಟ್ಟಿತು ಎಂಬುದು ನಿಮಗೂ ತಿಳಿಯುವುದಿಲ್ಲ. ರೋಗಿಗಳೇ, ಅವರು ಕೇಳದಿದ್ದರೆ ನೀವೇ ಹೇಳಿ. ಡಬ್ಬಿಯನ್ನೇ ಚೀಲದಲ್ಲಿ ಹಾಕಿಕೊಂಡು ಹೋಗಿ ಮೇಜಿನ ಮೇಲೆ ಇಡಿ. ಲೇಬಲ್ಲಿನ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಪೈಪರೀನ್ ಅಂತ ಇದೆಯೇ ನೋಡಿ ಎಂದು ಕೇಳಿ. ಟ್ಯಾಮಾಕ್ಸಿಫೆನ್ ನಡೆಯುತ್ತಿದ್ದರೆ, ಡಾಕ್ಟರು ನೋಡಿ ಹೇಳುವವರೆಗೆ ಆ ಡಬ್ಬಿ ಬದಿಗಿರಲಿ, ಮಾತ್ರೆ ಮಾತ್ರ ಒಂದು ದಿನವೂ ತಪ್ಪದಿರಲಿ.